ಗದ್ದೆಯಲ್ಲಿ ಒಂದು ಮನೆ: ಊರಿನ ಸಮಿತಿಯು ಅರ್ಜಿಯನ್ನು ಪರಿಶೀಲಿಸುವ ಬಗೆ

ತರಗತಿ: 8ರಿಂದ 10. ವಿಷಯ: ಸಮಾಜ ವಿಜ್ಞಾನ, ಸ್ಥಳೀಯ ಸ್ವಯಮಾಡಳಿತ. ಅವಧಿ: ಮೂರು ಪಿರಿಯಡ್.

ಪಾಠದ ಉದ್ದೇಶ

ಗ್ರಾಮ ಪಂಚಾಯತಿನ ರಚನೆ, ವಾರ್ಡುಗಳು, ಸ್ಥಾಯೀ ಸಮಿತಿಗಳ ಹೆಸರುಗಳು ಇವೆಲ್ಲವನ್ನೂ ನಮ್ಮ ಮಕ್ಕಳು ಕಲಿತು ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಒಬ್ಬ ನಾಗರಿಕನ ಅರ್ಜಿ ಕಚೇರಿಯ ಮೇಜಿನ ಮೇಲೆ ಬಂದ ಬಳಿಕ ಅದರ ಗತಿ ಏನಾಗುತ್ತದೆ? ಅದನ್ನು ಯಾರು ಓದುತ್ತಾರೆ, ಯಾವ ಪ್ರಶ್ನೆಗಳನ್ನು ಕೇಳುತ್ತಾರೆ, "ಆಗದು" ಎನ್ನುವಾಗ ಏನನ್ನು ಹೇಳಬೇಕಾಗುತ್ತದೆ? ಆಡಳಿತವೆಂಬುದು ಮಗುವಿಗೆ ನಿಜವಾಗಿ ಅರ್ಥವಾಗುವುದು ಈ ಪ್ರಶ್ನೆಗಳಿಂದ. ಆದುದರಿಂದ ಈ ಪಾಠದಲ್ಲಿ ಒಂದೇ ಬಗೆಯ ಅರ್ಜಿಯನ್ನು ಆರಿಸಿಕೊಂಡಿದ್ದೇವೆ. ತನಗಿರುವ ಗದ್ದೆಯಲ್ಲಿ ಸ್ವಲ್ಪ ಭಾಗಕ್ಕೆ ಮಣ್ಣು ತುಂಬಿಸಿ ಮನೆ ಕಟ್ಟಿಕೊಳ್ಳಲು ಒಬ್ಬ ಕೃಷಿಕನು ಅನುಮತಿ ಬೇಡುವ ಅರ್ಜಿ ಅದು. ಕಾಸರಗೋಡಿನಲ್ಲಿಯೂ ವಯನಾಡಿನಲ್ಲಿಯೂ ಇಂಥ ಅರ್ಜಿಯ ವಿಚಾರ ತಿಳಿಯದ ಊರು ವಿರಳ.

ಪಾಠದ ಕೊನೆಗೆ ಮಕ್ಕಳು ಮೂರು ವಿಷಯಗಳನ್ನು ತಿಳಿದಿರಬೇಕು. ಶಿಫಾರಸು ಮಾಡುವವರು, ತೀರ್ಮಾನಿಸುವವರು, ಪರವಾನಿಗೆ ಕೊಡುವವರು ಬೇರೆ ಬೇರೆ ಎಂಬುದು ಒಂದು. ಸಮಿತಿಯ ಮುಂದಿರುವ ಪ್ರಶ್ನೆಗಳನ್ನು ಸಮಿತಿಯೇ ಹುಟ್ಟುಹಾಕುವುದಿಲ್ಲ, ಕಾನೂನು ಬರೆದಿಟ್ಟಿದೆ ಎಂಬುದು ಎರಡು. ಕಾರಣವನ್ನು ಬರೆದಿಡದ ತೀರ್ಮಾನವು ತೀರ್ಮಾನವೆನಿಸದು ಎಂಬುದು ಮೂರು.

1. ಬೈಲು ಏಕೆ ಕಾನೂನಿನ ವಿಷಯವಾಯಿತು

ಪಾಠವನ್ನು ಮಕ್ಕಳಿಗೆ ಪರಿಚಿತವಾದ ಪದಗಳಿಂದಲೇ ಆರಂಭಿಸಬಹುದು. ಬೆಟ್ಟು, ಮಜಲು, ಬೈಲು ಎಂಬ ಮೂರು ಬಗೆಯ ಗದ್ದೆಗಳ ವ್ಯತ್ಯಾಸವನ್ನು ಮನೆಯ ಹಿರಿಯರಿಂದ ಕೇಳಿಕೊಂಡು ಬರಲು ಹಿಂದಿನ ದಿನವೇ ಹೇಳಿರಿ. ಮಳೆಯ ನೀರನ್ನಷ್ಟೇ ನಂಬಿ ಒಂದೇ ಬೆಳೆ ಕೊಡುವ ಬೆಟ್ಟುಗದ್ದೆ, ಎರಡು ಬೆಳೆ ಕೊಡುವ ಮಜಲು, ಏಣೆಲು ಸುಗ್ಗಿ ಕೊಳಕೆ ಎಂದು ಮೂರು ಬೆಳೆಗೂ ನೀರಿರುವ ತಗ್ಗಿನ ಬೈಲು. ಈ ವಿಂಗಡಣೆಯಲ್ಲಿ ನೀರು ಹರಿಯುವ ದಾರಿಯ ಜ್ಞಾನವೇ ಅಡಗಿದೆ. ವಯನಾಡಿನ ಮಕ್ಕಳಾದರೆ ತಮ್ಮ ಜಿಲ್ಲೆಯ ಹೆಸರಿನಿಂದಲೇ ಆರಂಭಿಸಬಹುದು. ವಯಲುಗಳ ನಾಡು, ಎಂದರೆ ಗದ್ದೆಗಳ ನಾಡು, ಎಂಬ ಅರ್ಥವನ್ನು ಆ ಹೆಸರಿಗೆ ಹೇಳುವುದುಂಟು.

ಕೇರಳದಲ್ಲಿ 1970ರ ದಶಕದ ನಡುವೆ ಸುಮಾರು 8.8 ಲಕ್ಷ ಹೆಕ್ಟೇರ್ ಭೂಮಿಯಲ್ಲಿ ಭತ್ತದ ಬೇಸಾಯವಿತ್ತು. ಇಂದು ಅದು ಸುಮಾರು 2 ಲಕ್ಷ ಹೆಕ್ಟೇರಿಗೆ ಇಳಿದಿದೆ. ಕೆಲವು ಗದ್ದೆಗಳು ಅಡಿಕೆ, ತೆಂಗು, ಬಾಳೆಗಳ ತೋಟಗಳಾದವು. ಕೆಲವು ರಸ್ತೆಗಳಾದವು, ಮನೆಗಳಾದವು. ಕೂಲಿ ಏರಿತು, ಭತ್ತದ ಬೆಲೆ ಏರಲಿಲ್ಲ, ನಾಟಿ ಮಾಡುವ ಕೈಗಳು ಬೇರೆ ಕೆಲಸಕ್ಕೆ ಹೋದವು. ಗದ್ದೆ ಬಿಟ್ಟ ಕೃಷಿಕನನ್ನು ದೂಷಿಸಲು ಈ ಪಾಠವನ್ನು ಬಳಸಬಾರದು. ಅವನ ಲೆಕ್ಕ ಅವನ ಮಟ್ಟಿಗೆ ಸರಿಯಾಗಿಯೇ ಇತ್ತು. ಆದರೆ ಊರಿನ ಲೆಕ್ಕ ಬೇರೆಯಾಗಿತ್ತು.

ಆ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿ ತೋರಿಸಿರಿ. ಒಂದು ಸೆಂಟ್ ಎಂದರೆ 435.6 ಚದರ ಅಡಿ. 10 ಸೆಂಟ್ಸ್ ಎಂದರೆ 4,356 ಚದರ ಅಡಿ, ಅಂದರೆ ಸುಮಾರು 404.7 ಚದರ ಮೀಟರ್. ಹುಣಿಯೊಳಗೆ 10 ಸೆಂಟಿಮೀಟರ್ ನೀರು ನಿಂತಿದ್ದರೆ ಆ ಗದ್ದೆಯಲ್ಲಿರುವ ನೀರು ಸುಮಾರು 40.47 ಘನ ಮೀಟರ್, ಎಂದರೆ 40,000 ಲೀಟರಿಗೂ ಹೆಚ್ಚು. ಅದು ಒಂದು ಸಲದ ನೀರು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಆ ನೀರು ಮತ್ತೆ ಮತ್ತೆ ತುಂಬಿ, ಇಂಗಿ, ಸುತ್ತಲಿನ ಬಾವಿಗಳಿಗೆ ಹೋಗುತ್ತದೆ. ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದ, ತೋಡಿಗೆ ಕಟ್ಟ ಕಟ್ಟಿ ಬೇಸಿಗೆಯನ್ನು ದಾಟಿದ ನಾಡಿನ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗದ್ದೆಯ ಒಡೆಯ ಒಬ್ಬನಾದರೂ ಅಲ್ಲಿ ನಿಂತ ನೀರಿಗೆ ಒಡೆಯರು ಅನೇಕರು.

ಗದ್ದೆಯನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಅನುಮತಿ ಬೇಕೆಂಬ ನಿಯಮ 1967ರ ಕೇರಳ ಭೂ ಬಳಕೆ ಆದೇಶದಲ್ಲಿಯೇ ಇತ್ತು. ಅದು ಸಾಲದಾದಾಗ 2008ರಲ್ಲಿ ಕೇರಳ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯಿದೆ ಬಂತು. ಆ ವರ್ಷದ ಆಗಸ್ಟ್ 12ರಂದು ಅದು ಜಾರಿಗೊಂಡಿತು. ಆ ದಿನಾಂಕವನ್ನು ಮಕ್ಕಳು ನೆನಪಿಡಬೇಕು. ಮುಂದೆ ಅದರ ಕೆಲಸವಿದೆ. ಜೌಗು ಪ್ರದೇಶವನ್ನು ತುಂಬಿಸುವುದನ್ನು ಕಾಯಿದೆ ಪೂರ್ಣವಾಗಿ ನಿಷೇಧಿಸಿತು. ಭತ್ತದ ಗದ್ದೆಯ ವಿಷಯದಲ್ಲಿ ಮಾತ್ರ ಒಂದು ಸಣ್ಣ ಬಾಗಿಲನ್ನು ತೆರೆದಿಟ್ಟಿತು. ಬೇರೆ ಜಾಗವಿಲ್ಲದವನು ತನ್ನ ವಾಸಕ್ಕಾಗಿ ಮನೆ ಕಟ್ಟಿಕೊಳ್ಳುವುದಾದರೆ ಎಂಬುದೇ ಆ ಬಾಗಿಲು. ಅದರ ಬಳಿ ಕಾವಲಿಗೆ ಕೂರಿಸಿದ್ದು ಊರಿನವರನ್ನೇ.

2. ಮೂರು ಮೆಟ್ಟಿಲುಗಳು

"ಪಂಚಾಯತಿನ ಅಧ್ಯಕ್ಷರು ಮನೆ ಕಟ್ಟಲು ಅನುಮತಿ ಕೊಡುತ್ತಾರೆ" ಎಂದು ಮಕ್ಕಳು ಹೇಳುವುದುಂಟು, ದೊಡ್ಡವರೂ ಹೇಳುತ್ತಾರೆ. ಇದನ್ನು ಮೊದಲು ತಿದ್ದಬೇಕು.

ಸಾಮಾನ್ಯ ಜಾಗದಲ್ಲಿ ಮನೆ ಕಟ್ಟುವವರ ಅರ್ಜಿಯನ್ನು ಪರಿಶೀಲಿಸಿ ಪರವಾನಿಗೆ ಕೊಡುವವರು ಗ್ರಾಮ ಪಂಚಾಯತಿನ ಕಾರ್ಯದರ್ಶಿ. 2019ರ ಕೇರಳ ಪಂಚಾಯತು ಕಟ್ಟಡ ನಿಯಮಗಳಂತೆ ರಸ್ತೆಯಿಂದ ಎಷ್ಟು ದೂರ, ನೆರೆಯವರ ಗಡಿಯಿಂದ ಎಷ್ಟು ಅಂತರ, ಎತ್ತರವೆಷ್ಟು ಎಂಬುದನ್ನು ಅವರು ನೋಡುತ್ತಾರೆ. ಅಲ್ಲಿ ಮತ ಹಾಕುವ ಪ್ರಸಂಗವಿಲ್ಲ. ನಕ್ಷೆ ನಿಯಮಕ್ಕೆ ಸರಿಹೊಂದಿದರೆ ಪರವಾನಿಗೆ ಕೊಡಬೇಕು. ಕಾರ್ಯದರ್ಶಿ ನಿಗದಿತ ಅವಧಿಯೊಳಗೆ ತೀರ್ಮಾನಿಸದೆ ತಡ ಮಾಡಿದರೆ ಅರ್ಜಿದಾರನು ಲಿಖಿತವಾಗಿ ಕೋರಿ ವಿಷಯವನ್ನು ಪಂಚಾಯತು ಸಮಿತಿಯ ಮುಂದೆ ತರಬಹುದು. ಕಾರ್ಯದರ್ಶಿಯ ಆದೇಶದಿಂದ ಅನ್ಯಾಯವಾಯಿತು ಎನಿಸಿದರೆ ತಿರುವನಂತಪುರದಲ್ಲಿರುವ ಸ್ಥಳೀಯ ಸ್ವಯಮಾಡಳಿತ ಸಂಸ್ಥೆಗಳ ಟ್ರಿಬ್ಯುನಲ್‌ಗೆ ಮೇಲ್ಮನವಿ ಸಲ್ಲಿಸಬಹುದು.

ಗದ್ದೆಯಾದರೆ ದಾರಿ ಬೇರೆ. ಅಲ್ಲಿ ಮೂರು ಮೆಟ್ಟಿಲುಗಳಿವೆ.

ಮೊದಲನೆಯದು ಪ್ರಾದೇಶಿಕ ನಿರೀಕ್ಷಣಾ ಸಮಿತಿ. ಪಂಚಾಯತಿನ ಅಧ್ಯಕ್ಷರೇ ಇದರ ಅಧ್ಯಕ್ಷರು. ಕೃಷಿಭವನದ ಕೃಷಿ ಅಧಿಕಾರಿ ಸಂಚಾಲಕರು. ಪಂಚಾಯತು ವ್ಯಾಪ್ತಿಯ ವಿಲೇಜ್ ಆಫೀಸರರು ಸದಸ್ಯರು. ಇವರೊಂದಿಗೆ ಕೃಷಿಕರ ಪ್ರತಿನಿಧಿಗಳು ಮೂವರು. ಈ ರಚನೆಯ ಔಚಿತ್ಯವನ್ನು ಮಕ್ಕಳಿಂದಲೇ ಹೇಳಿಸಿರಿ. ಅಧ್ಯಕ್ಷರು ಜನರಿಂದ ಆಯ್ಕೆಯಾದವರು. ಜನರ ಕಷ್ಟ ಬಲ್ಲವರು, ಮುಂದಿನ ಚುನಾವಣೆಯಲ್ಲಿ ಉತ್ತರ ಹೇಳಬೇಕಾದವರು. ಕೃಷಿ ಅಧಿಕಾರಿಗೆ ಬೆಳೆ, ಮಣ್ಣುಗಳ ಶಾಸ್ತ್ರಜ್ಞಾನವಿದೆ. ವಿಲೇಜ್ ಆಫೀಸರರ ಬಳಿ ಭೂಮಿಯ ದಾಖಲೆಯಿದೆ. ಕೃಷಿಕರಿಗೆ ಆ ಬೈಲಿನಲ್ಲಿ ಕಾಲಿಟ್ಟ ಅನುಭವವಿದೆ. ಇವರಲ್ಲಿ ಯಾರೊಬ್ಬರೂ ಒಂಟಿಯಾಗಿ ಪೂರ್ಣ ಸತ್ಯವನ್ನು ಕಾಣಲಾರರು ಎಂಬ ತಿಳಿವಳಿಕೆಯೇ ಸಮಿತಿಯ ಬುನಾದಿ.

ಎರಡನೆಯದು ಜಿಲ್ಲಾ ಮಟ್ಟದ ಅಧಿಕೃತ ಸಮಿತಿ. ಕಂದಾಯ ವಿಭಾಗದ ಆರ್.ಡಿ.ಒ. ಇದರಲ್ಲಿ ಮುಖ್ಯರು. ಅನುಮತಿ ಕೊಡುವ ಅಥವಾ ನಿರಾಕರಿಸುವ ಅಧಿಕಾರ ಈ ಸಮಿತಿಯದು. ಆದರೆ ಊರಿನ ಸಮಿತಿಯ ಶಿಫಾರಸು ಇಲ್ಲದೆ ಇದು ಅನುಮತಿ ಕೊಡುವಂತಿಲ್ಲ. ಹೀಗಾಗಿ ಊರಿನ ಸಮಿತಿಯ "ಹೌದು" ಕೊನೆಯ ಮಾತಲ್ಲ, ಆದರೆ ಅದರ "ಅಲ್ಲ" ಬಹಳ ಭಾರವಾದ ಮಾತು.

ಮೂರನೆಯ ಮೆಟ್ಟಿಲಲ್ಲಿ ಮತ್ತೆ ಪಂಚಾಯತು ಕಾರ್ಯದರ್ಶಿ ಬರುತ್ತಾರೆ. ಗದ್ದೆ ತುಂಬಿಸಲು ಅನುಮತಿ ದೊರೆತ ಮೇಲೆಯೂ ಮನೆಯ ನಕ್ಷೆಗೆ ಪ್ರತ್ಯೇಕ ಪರವಾನಿಗೆ ಬೇಕು. ಕಾಯಿದೆಗೆ ವಿರುದ್ಧವಾಗಿ ತುಂಬಿಸಿದ ಜಾಗದಲ್ಲಿ ಕಟ್ಟಡಕ್ಕೆ ಪರವಾನಿಗೆ ಕೊಡಬಾರದೆಂದು ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. "ಮೊದಲು ಮಣ್ಣು ಹಾಕೋಣ, ಅರ್ಜಿ ಆಮೇಲೆ ನೋಡಿಕೊಳ್ಳೋಣ" ಎಂಬ ಸಲಹೆ ಅಪಾಯಕಾರಿ ಎಂಬುದನ್ನು ಇಲ್ಲಿ ಹೇಳಬೇಕು. ಜಿಲ್ಲಾಧಿಕಾರಿ ಹಾಕಿದ ಮಣ್ಣನ್ನು ತೆಗೆಸಿ ಗದ್ದೆಯನ್ನು ಮೊದಲಿನ ಸ್ಥಿತಿಗೆ ತರಿಸಬಹುದು. ಸೆರೆವಾಸ ಮತ್ತು ದಂಡದ ಶಿಕ್ಷೆಯೂ ಉಂಟು.

3. ನಾಲ್ಕು ಪ್ರಶ್ನೆಗಳು, ಒಂದು ಮಿತಿ

ಮನೆಗಾಗಿ ಗದ್ದೆ ತುಂಬಿಸಲು ಅನುಮತಿ ಕೊಡುವ ಮುನ್ನ ಮನವರಿಕೆಯಾಗಬೇಕಾದ ಸಂಗತಿಗಳು ನಾಲ್ಕು. ಇವನ್ನು ಹಲಗೆಯ ಮೇಲೆ ಬರೆದು ಮೂರು ಪಿರಿಯಡ್ ಮುಗಿಯುವವರೆಗೂ ಅಳಿಸದಿರುವುದು ಒಳ್ಳೆಯದು.

ಒಂದು: ತುಂಬಿಸುವುದರಿಂದ ಅಲ್ಲಿನ ಪರಿಸರಕ್ಕೆ ಮತ್ತು ಪಕ್ಕದ ಗದ್ದೆಗಳ ಬೇಸಾಯಕ್ಕೆ ಬಾಧೆಯಾಗದು.
ಎರಡು: ಅರ್ಜಿದಾರನಿಗಾಗಲಿ ಅವನ ಕುಟುಂಬಕ್ಕಾಗಲಿ ಅದೇ ಜಿಲ್ಲೆಯಲ್ಲಿ ಮನೆ ಕಟ್ಟಲು ಯೋಗ್ಯವಾದ ಬೇರೆ ಜಾಗವಿಲ್ಲ.
ಮೂರು: ಕಟ್ಟುವ ಮನೆ ಸ್ವಂತ ವಾಸಕ್ಕಾಗಿಯೇ.
ನಾಲ್ಕು: ಆ ಜಾಗವು ಸುತ್ತಲೂ ಗದ್ದೆಗಳಿಂದ ಆವೃತವಾಗಿಲ್ಲ.

ಇವುಗಳ ಜೊತೆಗೆ ಒಂದು ಮಿತಿ. ಗ್ರಾಮ ಪಂಚಾಯತಿನಲ್ಲಿ 10 ಸೆಂಟ್ಸ್, ನಗರಸಭೆ ಅಥವಾ ಮಹಾನಗರ ಪಾಲಿಕೆಯಲ್ಲಿ 5 ಸೆಂಟ್ಸ್. ಇದಕ್ಕಿಂತ ಹೆಚ್ಚಿನ ಗದ್ದೆಯನ್ನು ಮನೆಗಾಗಿ ತುಂಬಿಸಲು ಊರಿನ ಸಮಿತಿ ಶಿಫಾರಸು ಮಾಡಕೂಡದು. ಇದು ಗರಿಷ್ಠ ಮಿತಿಯೇ ಹೊರತು ಎಲ್ಲರಿಗೂ ದೊರೆಯಬೇಕಾದ ಪಾಲಲ್ಲ. "ಹತ್ತು ಸೆಂಟ್ಸ್ ನಮ್ಮ ಹಕ್ಕು" ಎಂಬ ಮಾತು ಊರಿನಲ್ಲಿ ಹಬ್ಬಿರುವುದರಿಂದ ಈ ಭೇದವನ್ನು ಒತ್ತಿ ಹೇಳಬೇಕು.

ಪ್ರತಿಯೊಂದು ಪ್ರಶ್ನೆಯ ಹಿಂದೆ ಒಂದು ಕಾರಣವಿದೆ. ನಾಲ್ಕನೆಯದನ್ನು ನೋಡಿರಿ. ಬೈಲಿನ ಅಂಚಿನಲ್ಲಿ, ರಸ್ತೆಗೆ ತಾಗಿ ಮನೆಯಾದರೆ ಗದ್ದೆ ಒಂದು ಅಂಗುಲ ಹಿಂದೆ ಸರಿಯುತ್ತದೆ. ನಡುಬೈಲಿನಲ್ಲಿ ಮನೆಯಾದರೆ ಅಲ್ಲಿಗೆ ದಾರಿ ಬೇಕು, ದಾರಿಗೆ ಮತ್ತೆ ಮಣ್ಣು ಬೇಕು, ದಾರಿಯ ಆಚೆಯ ಗದ್ದೆಗೆ ನೀರು ಹೋಗದು, ನೀರು ಹೋಗದ ಗದ್ದೆ ಪಾಳು ಬೀಳುತ್ತದೆ, ಪಾಳು ಬಿದ್ದದ್ದನ್ನು ತೋರಿಸಿ ಇನ್ನೊಬ್ಬನು ಅರ್ಜಿ ಬರೆಯುತ್ತಾನೆ. ಮೂರನೆಯ ಪ್ರಶ್ನೆಯು ಅಂಗಡಿ, ಬಾಡಿಗೆ ಕೋಣೆಗಳು, ಮಾರಾಟದ ಮನೆ ಇವನ್ನು ಹೊರಗಿಡುತ್ತದೆ.

ಎರಡನೆಯ ಪ್ರಶ್ನೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. "ಪಾಪ, ಬಡವರು, ಕೊಡಬಹುದಲ್ಲವೇ" ಎಂದು ಮಕ್ಕಳು ಕೇಳುತ್ತಾರೆ. ಆ ಮಾತು ಸಹಜ, ಅದನ್ನು ಗದರಿಸಬಾರದು. ಕರುಣೆಯನ್ನು ಕಾನೂನು ಹೊರಗಿಟ್ಟಿಲ್ಲ, ಎರಡನೆಯ ಪ್ರಶ್ನೆಯೊಳಗೇ ಅದಕ್ಕೆ ಜಾಗ ಮಾಡಿಕೊಟ್ಟಿದೆ ಎಂದು ತೋರಿಸಬೇಕು. ಬೇರೆ ಜಾಗವಿಲ್ಲದವನಿಗೆ ಎಂಬ ಮಾತೇ ಕಾನೂನಿನ ಕರುಣೆ. ಅದನ್ನು ಸಮಿತಿಯ ಸದಸ್ಯರು ತಮಗೆ ಬೇಕಾದವರಿಗೆ ಹಂಚುವಂತಿಲ್ಲ. ಬೇರೆ ಜಾಗವಿಲ್ಲದ ಪ್ರತಿಯೊಬ್ಬರಿಗೂ ಅದು ಸಮಾನವಾಗಿ ಸಲ್ಲಬೇಕು. ಹಾಗೆಯೇ ಉಳಿದ ಮೂರು ಪ್ರಶ್ನೆಗಳೂ ಬಡವನಿಗೆ, ಬಲ್ಲಿದನಿಗೆ ಒಂದೇ.

4. ಸ್ಥಳವನ್ನು ನೋಡುವುದು, ಕಾರಣವನ್ನು ಬರೆಯುವುದು

ಸಮಿತಿಯ ಕೆಲಸದ ತಿರುಳು ಬೈಲಿನ ಹುಣಿಯ ಮೇಲೆ ನಡೆಯುತ್ತದೆ. ಕೃಷಿ ಅಧಿಕಾರಿ ಮತ್ತು ಸದಸ್ಯರು ಸ್ಥಳಕ್ಕೆ ಹೋಗಿ ಏನನ್ನು ನೋಡಬೇಕು? ತೋಡು ಎಲ್ಲಿದೆ, ನೀರು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ, ಪಕ್ಕದ ಗದ್ದೆಯಲ್ಲಿ ಬೇಸಾಯವಿದೆಯೇ, ನಾಲ್ಕು ದಿಕ್ಕಿನಲ್ಲಿ ಏನೇನಿದೆ, ದಾರಿ ಯಾವುದು. ಮಳೆಗಾಲದಲ್ಲಿ ಕಂಡ ಬೈಲು ಬೇಸಿಗೆಯಲ್ಲಿ ಕಾಣುವ ಬೈಲಲ್ಲ. ಮಾರ್ಚಿ ತಿಂಗಳಲ್ಲಿ ಒಣಗಿ ಬಿರಿದ ನೆಲವನ್ನು ನೋಡಿ "ಇಲ್ಲಿ ನೀರೇ ಇಲ್ಲ" ಎಂದು ಬರೆದರೆ ಅದು ಅರ್ಧಸತ್ಯ. ಇಂಥ ಕಡೆ ಕೃಷಿಕರ ಪ್ರತಿನಿಧಿಗಳ ಮಾತಿಗೆ ಬೆಲೆಯಿದೆ.

ಅನಂತರ ಸಭೆ. ಅಲ್ಲಿ ಪರಿಗಣಿಸಬಾರದ ಮಾತುಗಳು ಯಾವುವು ಎಂಬುದನ್ನು ಮಕ್ಕಳಿಂದ ಪಟ್ಟಿ ಮಾಡಿಸಿರಿ. ಅರ್ಜಿದಾರನು ಯಾವ ಪಕ್ಷದವನು, ಯಾವ ಜಾತಿಯವನು, ಮನೆಯಲ್ಲಿ ಯಾವ ಭಾಷೆಯನ್ನಾಡುತ್ತಾನೆ, ನೆರೆಯವನಿಗೂ ಅವನಿಗೂ ಗಡಿಯ ಜಗಳವಿದೆಯೇ ಎಂಬಿವು ನಾಲ್ಕು ಪ್ರಶ್ನೆಗಳಲ್ಲಿ ಯಾವುದಕ್ಕೂ ಉತ್ತರವಾಗವು. ಐವತ್ತು ಮಂದಿ ಸಹಿ ಹಾಕಿದ ಮನವಿಯೂ ಅಷ್ಟೇ. ಸಹಿಗಳ ಸಂಖ್ಯೆ ನೀರಿನ ದಾರಿಯನ್ನು ಬದಲಿಸದು. ಆದರೆ ಆ ಐವತ್ತರಲ್ಲಿ ಒಬ್ಬನು "ಮಳೆಗಾಲದಲ್ಲಿ ನನ್ನ ಗದ್ದೆಯ ನೀರು ಈ ಜಾಗದ ಮೂಲಕವೇ ತೋಡಿಗೆ ಸೇರುತ್ತದೆ" ಎಂದು ಬರೆದಿದ್ದರೆ, ಆ ಒಂದು ವಾಕ್ಯವನ್ನು ಸಮಿತಿ ಪರಿಶೀಲಿಸಲೇಬೇಕು. ಆಕ್ಷೇಪದ ಬಲ ಸಂಖ್ಯೆಯಲ್ಲಿಲ್ಲ, ಸಂಗತಿಯಲ್ಲಿದೆ. ಮುಂದೆ ನಾಗರಿಕರಾಗಿ ಅರ್ಜಿ, ಆಕ್ಷೇಪಗಳನ್ನು ಬರೆಯಲಿರುವ ಮಕ್ಕಳಿಗೆ ಈ ಒಂದು ಪಾಠ ಸಾಕು.

ಸದಸ್ಯರೊಬ್ಬರ ಸಂಬಂಧಿಯ ಅರ್ಜಿ ಬಂದರೆ? ತನ್ನ ವಿಷಯದಲ್ಲಿ ತಾನೇ ನ್ಯಾಯಾಧೀಶನಾಗಬಾರದೆಂಬುದು ಸಹಜ ನ್ಯಾಯದ ಮೊದಲ ತತ್ತ್ವ. ಅಂಥವರು ಆ ಚರ್ಚೆಯಿಂದ ಹೊರಗಿರುವುದು ಯೋಗ್ಯ. ಇದು ಅವರ ಪ್ರಾಮಾಣಿಕತೆಯ ಮೇಲಿನ ಸಂಶಯವಲ್ಲ. ತಿರಸ್ಕೃತನಾದವನೂ ತೀರ್ಮಾನವನ್ನು ನಂಬುವಂತಾಗಲಿ ಎಂಬುದಕ್ಕಾಗಿ ಈ ಏರ್ಪಾಡು.

ಕೊನೆಗೆ ನಡಾವಳಿ. "ಶಿಫಾರಸು ಮಾಡಲಾಗಿಲ್ಲ" ಎಂಬ ಎರಡು ಪದಗಳಲ್ಲಿ ಮುಗಿಸುವುದು ನ್ಯಾಯವಲ್ಲ. ಯಾವ ದಿನ ಸ್ಥಳಕ್ಕೆ ಹೋದೆವು, ಏನು ಕಂಡೆವು, ನಾಲ್ಕರಲ್ಲಿ ಯಾವ ಪ್ರಶ್ನೆಗೆ ಉತ್ತರ ಸಮಾಧಾನಕರವಾಗಿಲ್ಲ, ಏಕೆ ಎಂಬುದು ಅದರಲ್ಲಿರಬೇಕು. ಕಾರಣ ತಿಳಿದವನು ಮುಂದಿನ ದಾರಿಯನ್ನು ಯೋಚಿಸಬಲ್ಲ. ಕಾರಣ ತಿಳಿಯದವನಿಗೆ ಉಳಿಯುವುದು ಸಂಶಯವೊಂದೇ. ನಡಾವಳಿಯ ಮತ್ತು ಸ್ಥಳ ವರದಿಯ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಕೇಳಿ ಪಡೆಯಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು.

ಸಮಿತಿಗೆ ಇನ್ನೊಂದು ಕರ್ತವ್ಯವೂ ಇದೆ. ಗದ್ದೆಗಳು ಏಕೆ ಪಾಳು ಬಿದ್ದಿವೆ ಎಂಬುದನ್ನು ಕಂಡುಕೊಂಡು ಮತ್ತೆ ಬೇಸಾಯ ನಡೆಯುವಂತೆ ಮಾಡಲು ಯತ್ನಿಸುವುದು. ಕುಟುಂಬಶ್ರೀ ಗುಂಪುಗಳು ಪಾಳುಗದ್ದೆಗಳನ್ನು ವಹಿಸಿಕೊಂಡು ಬೇಸಾಯ ಮಾಡುವುದನ್ನು ಮಕ್ಕಳು ಕಂಡಿರಬಹುದು. ಭತ್ತದ ತಳಿಗಳನ್ನು ಕಾಪಾಡಿದ ಕೃಷಿಕರಲ್ಲಿ ವಯನಾಡಿನ ಚೆರುವಯಲ್ ರಾಮನ್ ಅವರಿಗೆ 2023ರಲ್ಲಿ, ಕಾಸರಗೋಡಿನ ಸತ್ಯನಾರಾಯಣ ಬೆಳೇರಿ ಅವರಿಗೆ 2024ರಲ್ಲಿ ಪದ್ಮಶ್ರೀ ಪುರಸ್ಕಾರ ಸಂದುದನ್ನೂ ಇಲ್ಲಿ ಸ್ಮರಿಸಬಹುದು. ಬೇಡವೆನ್ನುವುದಷ್ಟೇ ಸಂರಕ್ಷಣೆಯಲ್ಲ ಎಂಬುದಕ್ಕೆ ಇವು ನಿದರ್ಶನ.

5. ಡೇಟಾ ಬ್ಯಾಂಕ್ ಎಂಬ ಪಟ್ಟಿ

ಯಾವುದು ಗದ್ದೆ, ಯಾವುದು ಅಲ್ಲ ಎಂಬುದಕ್ಕೆ ಆಧಾರವೇನು? ಪ್ರತಿ ಪಂಚಾಯತಿನಲ್ಲಿಯೂ ಸರ್ವೆ ನಂಬರು ಸಹಿತ ಗದ್ದೆಗಳ ಮತ್ತು ಜೌಗು ಪ್ರದೇಶಗಳ ಪಟ್ಟಿಯನ್ನು ಪ್ರಾದೇಶಿಕ ನಿರೀಕ್ಷಣಾ ಸಮಿತಿಯೇ ಸಿದ್ಧಪಡಿಸಿ ಪ್ರಕಟಿಸಬೇಕಾಗಿತ್ತು. ಅದನ್ನೇ ಡೇಟಾ ಬ್ಯಾಂಕ್ ಎನ್ನುತ್ತಾರೆ. 2008ರ ಆಗಸ್ಟ್ 12ರಂದು ಆ ಭೂಮಿ ಹೇಗಿತ್ತು ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

ಮನುಷ್ಯರು ಮಾಡಿದ ಪಟ್ಟಿಯಲ್ಲಿ ತಪ್ಪುಗಳಿರುತ್ತವೆ. ಕಾಯಿದೆ ಬರುವುದಕ್ಕೆ ಬಹಳ ಹಿಂದೆಯೇ ತೋಟವಾದ ಜಾಗವೂ ಹಳೆಯ ದಾಖಲೆಯಲ್ಲಿ ಗದ್ದೆಯೆಂದಿದ್ದ ಕಾರಣ ಪಟ್ಟಿಗೆ ಸೇರಿರಬಹುದು. ಅಂಥವರು ಗದ್ದೆ ತುಂಬಿಸಲು ಅನುಮತಿ ಕೇಳಬೇಕಾಗಿಲ್ಲ, ಪಟ್ಟಿಯನ್ನು ತಿದ್ದಿಸಬೇಕು. ಆ ಅರ್ಜಿ ಆರ್.ಡಿ.ಒ. ಅಥವಾ ಸರಕಾರವು ಅದಕ್ಕಾಗಿ ನೇಮಿಸಿದ ಉಪ ಜಿಲ್ಲಾಧಿಕಾರಿಯ ಮುಂದೆ ಹೋಗುತ್ತದೆ. ಕೃಷಿ ಅಧಿಕಾರಿಯ ವರದಿಯೊಂದಿಗೆ ಉಪಗ್ರಹ ಚಿತ್ರಗಳನ್ನೂ ಸಾಕ್ಷ್ಯವಾಗಿ ನೋಡುವುದುಂಟು. ಇನ್ನು ಪಟ್ಟಿಯಲ್ಲಿಯೇ ಇಲ್ಲದ, ಆದರೆ ಕಂದಾಯ ದಾಖಲೆಯಲ್ಲಿ ಮಾತ್ರ ಗದ್ದೆಯೆಂದಿರುವ ಭೂಮಿಗೆ 2018ರ ತಿದ್ದುಪಡಿಯು ಬೇರೆಯೇ ಕ್ರಮವನ್ನು ಹೇಳಿದೆ. ತಪ್ಪು ಬಾಗಿಲನ್ನು ತಟ್ಟಿ ವರ್ಷಗಳನ್ನು ಕಳೆದವರಿದ್ದಾರೆ. ಯಾವ ಅರ್ಜಿ ಯಾವ ಬಾಗಿಲಿಗೆ ಎಂಬುದನ್ನು ತಿಳಿಯುವುದೂ ಪೌರಜ್ಞಾನವೇ. ಜಾಗ ಕೊಳ್ಳುವವರು "ಪಂಚಾಯತಿನಿಂದ ಅನುಮತಿ ಮಾಡಿಸಿಕೊಡುತ್ತೇವೆ" ಎಂಬ ಮಾತನ್ನು ನಂಬುವ ಮೊದಲು ಡೇಟಾ ಬ್ಯಾಂಕನ್ನು ನೋಡಬೇಕೆಂಬುದನ್ನು ಮಕ್ಕಳು ಮನೆಗೆ ಹೋಗಿ ಹೇಳಲಿ.

6. ಕಾಗದದ ಭಾಷೆ

ನಮ್ಮ ಮಕ್ಕಳ ಮನೆಗಳಲ್ಲಿ ಇದಕ್ಕೊಂದು ಹೆಚ್ಚಿನ ತೊಡಕಿದೆ. ನಮೂನೆಗಳು, ನೋಟೀಸುಗಳು, ಆದೇಶಗಳು ಬಹುಮಟ್ಟಿಗೆ ಮಲಯಾಳದಲ್ಲಿ ಬರುತ್ತವೆ. ಕನ್ನಡ ಮಾಧ್ಯಮದಲ್ಲಿ ಕಲಿತ ಹಿರಿಯರಿಗೆ ಆಡುವ ಮಲಯಾಳ ತಿಳಿದಿದ್ದರೂ ಕಚೇರಿಯ ಮಲಯಾಳ ಓದಲು ಬಾರದು. ನಿರಾಕರಣೆಯ ಕಾರಣ ಕಾಗದದಲ್ಲಿದ್ದರೂ ಓದಲಾಗದವನಿಗೆ ಅದು ಇಲ್ಲದಂತೆಯೇ. ಮೂರನೆಯವರನ್ನು ನಂಬಬೇಕಾಗುತ್ತದೆ, ಕೆಲವೊಮ್ಮೆ ಮೋಸವೂ ಹೋಗಬೇಕಾಗುತ್ತದೆ.

ಸಂವಿಧಾನದ 350ನೆಯ ವಿಧಿಯಂತೆ ತನ್ನ ಕುಂದುಕೊರತೆಯ ನಿವಾರಣೆಗಾಗಿ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಮಕ್ಕಳು ಇದನ್ನು ಬರಿಯ ವಿಧಿಯ ಸಂಖ್ಯೆಯಾಗಿ ಕಲಿಯಬಾರದು, ಅದರಂತೆ ಒಂದು ಮನವಿಯನ್ನು ಕನ್ನಡದಲ್ಲಿ ಬರೆಯಲು ಕಲಿಯಬೇಕು. ಹಾಗೆಯೇ ರಾಜ್ಯದ ಭಾಷೆಯ ಆಡಳಿತ ಪದಗಳನ್ನೂ ಅವರು ತಿಳಿಯಬೇಕು. ಗದ್ದೆಗೆ "ನೆಲ್‌ವಯಲ್", ಜೌಗು ಪ್ರದೇಶಕ್ಕೆ "ತಣ್ಣೀರ್‌ತ್ತಡಂ", ಅರ್ಜಿಗೆ "ಅಪೇಕ್ಷ" ಎಂದಿರುತ್ತದೆಂದು ತಿಳಿದ ಮಗು ಮನೆಯವರಿಗೆ ಬಂದ ಕಾಗದವನ್ನು ಓದಿ ಹೇಳಬಲ್ಲದು. ಒಂದು ಹಕ್ಕಿನ ಮಾತು, ಇನ್ನೊಂದು ಬದುಕಿನ ಅಗತ್ಯ. ಎರಡಕ್ಕೂ ವಿರೋಧವಿಲ್ಲ.

7. ತರಗತಿಯ ಚಟುವಟಿಕೆ: ಮೂರು ಅರ್ಜಿಗಳು

ತರಗತಿಯನ್ನು ಏಳು ಎಂಟು ಮಕ್ಕಳ ಗುಂಪುಗಳಾಗಿ ವಿಂಗಡಿಸಿರಿ. ಪ್ರತಿ ಗುಂಪಿನಲ್ಲಿ ಅಧ್ಯಕ್ಷರು, ಕೃಷಿ ಅಧಿಕಾರಿ, ವಿಲೇಜ್ ಆಫೀಸರ್, ಮೂವರು ಕೃಷಿಕರು, ಅರ್ಜಿದಾರರು ಇರಲಿ. ಒಬ್ಬರು ಹೆಚ್ಚಿದ್ದರೆ ನೆರೆಯ ಗದ್ದೆಯವರಾಗಲಿ. ಕೆಳಗಿನ ಮೂರು ಪ್ರಕರಣಗಳೂ ಪಾಠಕ್ಕಾಗಿ ಕಲ್ಪಿಸಿಕೊಂಡವು.

ಮೊದಲನೆಯ ಅರ್ಜಿ: ಬೀಡಿ ಕಟ್ಟುವ ಒಬ್ಬ ಮಹಿಳೆಗೆ ತಾಯಿಯ ಪಾಲಿನಿಂದ ಬಂದ 14 ಸೆಂಟ್ಸ್ ಗದ್ದೆಯಿದೆ. ಬೇರೆ ಜಾಗವಿಲ್ಲ. ಎರಡು ಮಕ್ಕಳೊಂದಿಗೆ ಅಣ್ಣನ ಮನೆಯಲ್ಲಿದ್ದಾಳೆ. ಗದ್ದೆಯ ಮೂಡು ದಿಕ್ಕಿನಲ್ಲಿ ರಸ್ತೆ, ಬಡಗು ದಿಕ್ಕಿನಲ್ಲಿ ಮನೆಗಳು, ಉಳಿದೆರಡು ದಿಕ್ಕಿನಲ್ಲಿ ಬೇಸಾಯವಿರುವ ಗದ್ದೆ. ಮಳೆಗಾಲದಲ್ಲಿ ಮೇಲಿನ ಗುಡ್ಡದ ನೀರು ಅವಳ ಗದ್ದೆಯ ಅಂಚಿನ ಸಣ್ಣ ಕಣಿಯಲ್ಲಿ ಹರಿದು ತೋಡನ್ನು ಸೇರುತ್ತದೆ. ಅವಳು 10 ಸೆಂಟ್ಸ್ ತುಂಬಿಸಲು ಅನುಮತಿ ಕೇಳಿದ್ದಾಳೆ.

ಎರಡನೆಯ ಅರ್ಜಿ: ಒಬ್ಬ ಉದ್ಯೋಗಸ್ಥನಿಗೆ ನಡುಬೈಲಿನಲ್ಲಿ 8 ಸೆಂಟ್ಸ್ ಇದೆ. ಸುತ್ತಲೂ ಗದ್ದೆಗಳು, ಆದರೆ ಐದು ವರ್ಷಗಳಿಂದ ಎಲ್ಲವೂ ಪಾಳು. "ಹೇಗೂ ಯಾರೂ ಬೇಸಾಯ ಮಾಡುವುದಿಲ್ಲ" ಎಂಬುದು ಅವನ ವಾದ. ಅದೇ ಜಿಲ್ಲೆಯಲ್ಲಿ ಅವನ ಪತ್ನಿಯ ಹೆಸರಿನಲ್ಲಿ ಮನೆ ಕಟ್ಟಬಹುದಾದ 22 ಸೆಂಟ್ಸ್ ಗುಡ್ಡೆ ಜಾಗವಿದೆ.

ಮೂರನೆಯ ಅರ್ಜಿ: ಒಬ್ಬ ವೃದ್ಧರ ಜಾಗದಲ್ಲಿ 40 ವರ್ಷ ವಯಸ್ಸಿನ ತೆಂಗಿನ ಮರಗಳಿವೆ. ಡೇಟಾ ಬ್ಯಾಂಕಿನಲ್ಲಿ ಅದು ಗದ್ದೆಯೆಂದಿದೆ. ಗದ್ದೆ ತುಂಬಿಸಲು ಅನುಮತಿ ಬೇಕೆಂದು ಅವರು ಸಮಿತಿಗೆ ಬರೆದಿದ್ದಾರೆ.

ಪ್ರತಿ ಗುಂಪೂ ನಾಲ್ಕು ಪ್ರಶ್ನೆಗಳನ್ನು ಒಂದೊಂದಾಗಿ ಹಿಡಿದು ಚರ್ಚಿಸಿ ಒಂದು ಪುಟದ ನಡಾವಳಿಯನ್ನು ಬರೆಯಲಿ. ಮೂರನೆಯ ಅರ್ಜಿ ಬಂದದ್ದು ತಪ್ಪು ಬಾಗಿಲಿಗೆ ಎಂಬುದನ್ನು ಮಕ್ಕಳು ಬೇಗ ಗುರುತಿಸುತ್ತಾರೆ. ಎರಡನೆಯದು ಎರಡನೆಯ ಮತ್ತು ನಾಲ್ಕನೆಯ ಪ್ರಶ್ನೆಗಳಲ್ಲಿ ನಿಲ್ಲದು. ಪಾಳು ಬಿದ್ದಿದೆ ಎಂಬ ಮಾತ್ರಕ್ಕೆ ಗದ್ದೆ ಗದ್ದೆಯಲ್ಲದೆ ಹೋಗದು ಎಂಬುದನ್ನೂ ಚರ್ಚಿಸಿರಿ.

ಮೊದಲನೆಯ ಅರ್ಜಿಯಲ್ಲಿಯೇ ನಿಜವಾದ ಕಷ್ಟವಿರುವುದು. ಎರಡು, ಮೂರು, ನಾಲ್ಕನೆಯ ಪ್ರಶ್ನೆಗಳಿಗೆ ಉತ್ತರ ಅವಳ ಪರವಾಗಿದೆ. ಒಂದನೆಯ ಪ್ರಶ್ನೆ ಆ ಕಣಿಯ ಬಳಿ ನಿಂತಿದೆ. ಕಣಿ ಮುಚ್ಚಿಹೋದರೆ ಕೆಳಗಿನ ಗದ್ದೆಗಳ ಗತಿಯೇನು? ಕಣಿಯನ್ನು ಬಿಟ್ಟು ರಸ್ತೆಯ ಕಡೆಗೆ ತುಂಬಿಸಿದರೆ ಸಾಲದೇ? ಒಂದು ಸಂಸಾರದ ಮನೆಗೆ 10 ಸೆಂಟ್ಸ್ ಬೇಕೇ, 5 ಸೆಂಟ್ಸಿನ 2,178 ಚದರ ಅಡಿ ಸಾಕೇ? ಒಂದು ಗುಂಪು ಶಿಫಾರಸು ಮಾಡಬಹುದು, ಇನ್ನೊಂದು ಮಾಡದಿರಬಹುದು. ಎರಡೂ ಒಪ್ಪತಕ್ಕದ್ದೇ, ಕಾರಣವು ಸ್ಥಳದ ಸಂಗತಿಯಿಂದ ಹೊರಟಿದ್ದರೆ. ಅಧ್ಯಾಪಕರು ತಮ್ಮ ಅಭಿಪ್ರಾಯವನ್ನು ಕೊನೆಯವರೆಗೂ ಹೇಳದಿರುವುದು ಲೇಸು. ಕೊನೆಗೆ ಅರ್ಜಿದಾರಳ ಪಾತ್ರ ವಹಿಸಿದ ಮಗುವನ್ನು ಎಬ್ಬಿಸಿ ಒಂದೇ ಪ್ರಶ್ನೆ ಕೇಳಿರಿ: "ನಿನಗೆ ಕೊಟ್ಟ ಕಾರಣ ಅರ್ಥವಾಯಿತೇ?" ನಡಾವಳಿಯ ಗುಣವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡವಿಲ್ಲ.

ಅಧ್ಯಾಪಕರಿಗೆ ಒಂದು ಸೂಚನೆ

ತರಗತಿಯಲ್ಲಿ ಇಂಥ ಅರ್ಜಿ ಹಾಕಿ ಕಾಯುತ್ತಿರುವ ಮನೆಯ ಮಗು ಇರಬಹುದು. ಅನುಮತಿಯಿಲ್ಲದೆ ತುಂಬಿಸಿದ ಜಾಗದ ಮನೆಯಲ್ಲಿ ವಾಸಿಸುವ ಮಗುವೂ ಇರಬಹುದು. ಗುಡ್ಡದ ಮಣ್ಣನ್ನು ಲಾರಿಯಲ್ಲಿ ಸಾಗಿಸುವವರ ಮಗು, ನೀರು ನಿಂತು ಬೆಳೆ ಕಳೆದುಕೊಂಡವರ ಮಗು ಒಂದೇ ಬೆಂಚಿನಲ್ಲಿ ಕುಳಿತಿರಬಹುದು. ಆದುದರಿಂದ ಊರಿನ ನಿಜವಾದ ಪ್ರಕರಣಗಳನ್ನು ಹೆಸರಿಸಿ ಚರ್ಚಿಸಬೇಡಿ, "ನಿಮ್ಮ ಮನೆ ಗದ್ದೆಯಲ್ಲಿದೆಯೇ" ಎಂದು ಯಾರನ್ನೂ ಎಲ್ಲರೆದುರು ಕೇಳಬೇಡಿ. ಮಗುವೇ ತಾನಾಗಿ ಮನೆಯ ಕಾಗದವನ್ನು ತಂದು ತೋರಿಸಿದರೆ ತರಗತಿಯ ಬಳಿಕ ಓದಿ ಅರ್ಥ ಹೇಳಿರಿ. ಅನುಮತಿ ಸಿಗುವುದೆಂದಾಗಲಿ ಸಿಗದೆಂದಾಗಲಿ ಭರವಸೆ ಕೊಡಬೇಡಿ. ಕೃಷಿಭವನಕ್ಕೂ ವಿಲೇಜ್ ಕಚೇರಿಗೂ ದಾರಿ ತೋರಿಸಿದರೆ ಸಾಕು.

ಮೌಲ್ಯಮಾಪನ

1. ಪ್ರಾದೇಶಿಕ ನಿರೀಕ್ಷಣಾ ಸಮಿತಿ, ಜಿಲ್ಲಾ ಮಟ್ಟದ ಅಧಿಕೃತ ಸಮಿತಿ, ಪಂಚಾಯತು ಕಾರ್ಯದರ್ಶಿ ಇವರ ಕೆಲಸಗಳಲ್ಲಿರುವ ವ್ಯತ್ಯಾಸವನ್ನು ತಿಳಿಸಿರಿ.
2. ಸಮಿತಿಯಲ್ಲಿ ಕೃಷಿಕರ ಪ್ರತಿನಿಧಿಗಳು ಇಲ್ಲದಿದ್ದರೆ ಯಾವ ಬಗೆಯ ತಿಳಿವಳಿಕೆ ತಪ್ಪಿಹೋಗುತ್ತಿತ್ತು? ಎರಡು ಉದಾಹರಣೆ ಕೊಡಿರಿ.
3. "ಹತ್ತು ಸೆಂಟ್ಸ್ ನಮ್ಮ ಹಕ್ಕು" ಎಂಬ ಮಾತು ಏಕೆ ಸರಿಯಲ್ಲ?
4. 6 ಸೆಂಟ್ಸ್ ಗದ್ದೆಯಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಎಷ್ಟು ಲೀಟರ್ ಆಗುತ್ತದೆ? ಲೆಕ್ಕ ಮಾಡಿರಿ.
5. ಪಕ್ಕದ ಗದ್ದೆಯ ಕೃಷಿಕನೆಂದು ಭಾವಿಸಿ, ಮೊದಲನೆಯ ಅರ್ಜಿಯ ಕುರಿತು ಸಮಿತಿಗೆ ಕನ್ನಡದಲ್ಲಿ ಹತ್ತು ವಾಕ್ಯಗಳ ಪತ್ರ ಬರೆಯಿರಿ. ಪತ್ರದಲ್ಲಿ ನೀವು ಕಣ್ಣಾರೆ ಕಂಡ ಸಂಗತಿಗಳು ಮಾತ್ರ ಇರಲಿ.

ಐದನೆಯ ಪ್ರಶ್ನೆಗೆ ಅಂಕ ನೀಡುವಾಗ ಭಾಷೆಯ ಸೊಗಸಿಗಿಂತ ಸಂಗತಿಯ ಖಚಿತತೆಗೆ ಹೆಚ್ಚು ಬೆಲೆ ಕೊಡಿರಿ. ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ಅನುಮಾನಕ್ಕೆಡೆಯಿಲ್ಲದಂತೆ ಬರೆಯಬಲ್ಲ ಮಗು, ನಾಳೆ ಆ ಸಮಿತಿಯಲ್ಲಿ ಕುಳಿತಾಗಲೂ ಅದರ ಮುಂದೆ ನಿಂತಾಗಲೂ ತನ್ನ ಮಾತನ್ನು ಹೇಳಬಲ್ಲದು.